ಕೊಟ್ಟಿಗೆ ಇದ್ದ ಜಾಗದಲ್ಲಿ ಒಂದು ರೂಮು

ಸಿರಾ
24 ಜೂನ್ 2024

ರುದ್ರಕ್ಕಾ,

ಇಲ್ಲಿ ಚೆನ್ನಾಗಿದ್ದೀನಿ ಅಂತ ಬರೆದರೆ ಸುಳ್ಳಾಗುತ್ತೆ. ಚೆನ್ನಾಗಿಲ್ಲ ಅಂತ ಬರೆದರೆ ಬಿ.ಪಿ. ಎಷ್ಟು, ಶುಗರ್ ಎಷ್ಟು ಅಂತ ಕೇಳ್ತೀಯ. ರಿಟೈರಾದರೂ ನಿನ್ನ ನರ್ಸಮ್ಮನ ಬುದ್ಧಿ ಹೋಗಲ್ಲ. ಎರಡೂ ಬೇಡ, ನೇರ ವಿಷಯಕ್ಕೆ ಬರ್ತೀನಿ.

ಹೋದ ವಾರ ಫೋನಿನಲ್ಲಿ ಹೇಳೋಕೆ ಹೋಗಿ ಗಂಟಲು ಹರಕೊಂಡೆ. ನಮ್ಮ ಬೀದಿಗೆಲ್ಲ ಕೇಳಿಸಿತು, ನಿನಗೊಬ್ಬಳಿಗೆ ಕೇಳಿಸಲಿಲ್ಲ. ನಿನ್ನ ಕಿವಿ ಇಷ್ಟು ಬೇಗ ಕೈಕೊಡುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ವಾಟ್ಸಾಪ್ ಮಾಡಬಹುದಿತ್ತು. ಆದರೆ ನಿನ್ನ ಫೋನು ಯಾವಾಗಲೂ ನಿನ್ನ ತಮ್ಮನ ಹೆಂಡತಿ ವನಜಾಕ್ಷಿ ಕೈಯಲ್ಲಿರುತ್ತೆ. ಅವಳು ಓದಿ ನಿನಗೆ ಕೈಸನ್ನೆ ಮಾಡಿ ತಿಳಿಸೋ ವಿಷಯ ಅಲ್ಲ ಇದು. ಅದಕ್ಕೇ ಅಂಚೆ ಕಚೇರಿಗೆ ಹೋಗಿ ಕವರು ತಂದೆ. ಕಿಟಕಿಯಲ್ಲಿದ್ದ ಹುಡುಗಿ "ಯಾವ ಅರ್ಜಿ ಮೇಡಂ?" ಅಂದಳು. ಅರ್ಜಿ ಅಲ್ಲ ಕಣಮ್ಮ, ಕಾಗದ ಅಂದೆ. ನನ್ನ ಮುಖ ನೋಡಿದಳು.

ಅಮ್ಮಿ ಹೋಗಿ ಏಳು ತಿಂಗಳಾಯಿತು. ಬಕ್ರೀದ್ ದಿನ ಹಿದಾಯತುಲ್ಲಾ ಬಂದು ಹತ್ತು ನಿಮಿಷ ಕೂತು ಹೋದ. ನಮ್ಮ ಚಿಕ್ಕಪ್ಪನ ಮಗ, ಗಾರೆ ಮೇಸ್ತ್ರಿ, ನೀನು ನೋಡಿದ್ದೀಯ. ಅವನು ಹೋದ ಮೇಲೆ ಫ್ಯಾನಿನ ಸದ್ದು ಬಿಟ್ಟರೆ ಮನೆಯಲ್ಲಿ ಏನೂ ಇಲ್ಲ. ಅಷ್ಟು ವರ್ಷ ಕಂಡವರ ಮನೆ ಕೂಸುಗಳ ಅಳು ಕೇಳಿ ಕೇಳಿ ಸಾಕಾಗಿತ್ತಲ್ಲ ನಮಗೆ, ಈಗ ಬೀದಿಯಲ್ಲಿ ಒಂದು ಮಗು ಅತ್ತರೆ ಕಿಟಕಿ ಹತ್ತಿರ ಹೋಗಿ ನಿಂತ್ಕೋತೀನಿ.

ನಮ್ಮ ಅಡುಗೆಮನೆ ಹಿಂಬಾಗಿಲು ತೆಗೆದರೆ ಎಮ್ಮೆ ಕೊಟ್ಟಿಗೆ ಇತ್ತು, ನೆನಪಿದೆಯಾ? ಎಮ್ಮೆ ಮಾರಿ ಹತ್ತು ವರ್ಷವಾಯಿತು. ಹದಿನಾಲ್ಕು ಅಡಿ ಉದ್ದ, ಹನ್ನೊಂದು ಅಡಿ ಅಗಲದ ಜಾಗ, ಕಳೆ ಬೆಳೆದು ನಿಂತಿದೆ. ಅಲ್ಲಿ ಒಂದು ರೂಮು ಎತ್ತಿಸ್ತೀನಿ. ಬಾಡಿಗೆಗಾ ಆಪಾ ಅಂದ ಹಿದಾಯತ್. ಹೌದು ಅಂದೆ. ಯಾರಿಗೆ ಅಂದ. ಆಮೇಲೆ ಹೇಳ್ತೀನಿ ಅಂದೆ.

ನಿನಗೆ ಕಣೇ. ಕೊಳಾಲದ ಆಸ್ಪತ್ರೆ ಕ್ವಾರ್ಟರ್ಸಿನಲ್ಲಿ ಹನ್ನೊಂದು ವರ್ಷ ಒಂದೇ ಒಲೆ ಮೇಲೆ ಬೇಯಿಸಿಕೊಂಡು ಇದ್ದವರು ನಾವು. ನಿನಗೆ ಮದುವೆ ಬೇಡವಾಗಿತ್ತು. ನನಗೆ ಆದದ್ದು ಮೂರೇ ವರ್ಷಕ್ಕೆ ಮುಗಿಯಿತು. ಇನ್ನು ಉಳಿದಿರೋ ಕಾಲಕ್ಕೆ ನೀನೊಂದು ಮೂಲೆ ನಾನೊಂದು ಮೂಲೆ ಯಾಕೆ? ಬಾ. ಕಿಟಕಿ ಯಾವ ಕಡೆ ಇಡಿಸಲಿ, ಅಷ್ಟು ಬರೆ.

ನಿನ್ನ
ಮಹಜಬೀನ್


ನಿಡುಗಲ್
8 ಜುಲೈ 2024

ಪ್ರೀತಿಯ ಜಬೀನ್‌ಗೆ,

ನಿನ್ನ ಕಾಗದ ಬಂದ ದಿನ ನಾನು ಜಗಲಿಯಲ್ಲೇ ಕೂತಿದ್ದೆ, ಪೋಸ್ಟ್‌ಮ್ಯಾನ್ ನನ್ನ ಕೈಗೇ ಕೊಟ್ಟ. ನನ್ನ ಹೆಸರಿಗೆ ಕಾಗದ ಬಂದು ಎಷ್ಟು ಕಾಲವಾಗಿತ್ತು! ನಾಲ್ಕು ಸಲ ಓದಿದೆ.

ನಾನು ಇಲ್ಲಿ ನಡುಮನೆಯಲ್ಲಿ ಟಿವಿ ಪಕ್ಕದ ಮಂಚದ ಮೇಲೆ ಇದ್ದೇನೆ. ಯಾರೂ ಕೆಟ್ಟವರಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ತಂದಿಡುತ್ತಾರೆ, ಉಣ್ಣು ಅಂತ ಕೈ ತೋರಿಸುತ್ತಾರೆ. ಆಸ್ಪತ್ರೆಯಲ್ಲಿ ಕೊಟ್ಟ ಮಿಷನ್ನು ಕಿವಿಗೆ ಹಾಕಿದರೆ ಶಿಳ್ಳೆ ಹೊಡೆಯುತ್ತದೆ, ಡಬ್ಬಿಯಲ್ಲಿ ಇಟ್ಟಿದ್ದೇನೆ. ತುಟಿ ನೋಡಿ ಮಾತು ತಿಳಿಯುವುದನ್ನು ನಾನೇ ಕಲಿತೆ. ಆದರೆ ನಾನು ಕಲಿತದ್ದು ಕನ್ನಡದ ತುಟಿ. ಇಲ್ಲಿ ಅರ್ಧ ಮಾತು ತೆಲುಗು. ವನಜಾಕ್ಷಿ ಆಂಧ್ರದ ಕಡೆಯವಳು, "ಏಮಿ ವದಿನಾ" ಅಂದರೆ ಏನತ್ತಿಗೆ ಅಂತ, ಅಷ್ಟು ತಿಳಿಯುತ್ತದೆ, ಮುಂದಿನದು ತಿಳಿಯುವುದಿಲ್ಲ. ಅವರೆಲ್ಲ ನಕ್ಕಾಗ ನಾನೂ ಸ್ವಲ್ಪ ಹೊತ್ತಾದ ಮೇಲೆ ನಗುತ್ತೇನೆ.

ರೂಮಿನ ವಿಷಯ ತಮ್ಮನಿಗೆ ಹೇಳಿದೆ. ಅವನು ನನ್ನೆದುರು ಕೂತು ನಿಧಾನವಾಗಿ ಬಾಯಿ ಬಿಡಿಸಿ ಹೇಳಿದ. "ಅಕ್ಕನ್ನ ಸಾಬ್ರ ಮನೆಗೆ ಕಳಿಸ್ಬುಟ್ಟ ಅಂತಾರೆ ಕಣಕ್ಕ ಜನ. ಬ್ಯಾರೆ ಬಾಗ್ಲು, ಬ್ಯಾರೆ ಒಲೆ ಇದ್ರೆ ಯೋಚ್ನೆ ಮಾಡಾನ." ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ.

ಕಿಟಕಿ ಪೂರ್ವಕ್ಕಿರಲಿ.

ಇಂತಿ
ಶಿವರುದ್ರಮ್ಮ


ಸಿರಾ
17 ಆಗಸ್ಟ್ 2024

ರುದ್ರಕ್ಕಾ,

ಕಿಟಕಿ ಪೂರ್ವಕ್ಕಿರಲಿ ಅಂದಿಯಲ್ಲ, ಅಷ್ಟು ಸಾಕು ನನಗೆ. ಪಾಯ ತೋಡಿಸಿಬಿಟ್ಟೆ. ಅಮ್ಮಿ ಕಾಲದ ಒಂದು ಕಲ್ಲಿನ ಬಾನಿ ಸಿಕ್ಕಿತು. ಬೇರೆ ನಿಧಿ ಏನೂ ಸಿಗಲಿಲ್ಲ.

ನಿನ್ನ ತಮ್ಮ ಹೇಳಿದ್ದರಲ್ಲಿ ತಪ್ಪೇನಿಲ್ಲ. ಅವನೂ ನಾಲ್ಕು ಜನರ ನಡುವೆ ಬಾಳಬೇಕು. ಅದಕ್ಕೇ ಪ್ಲಾನು ಬದಲಾಯಿಸಿದೆ. ನಿನ್ನ ರೂಮಿಗೆ ನಿನ್ನದೇ ಬಾಗಿಲು, ಪಕ್ಕದ ಓಣಿ ಕಡೆಗೆ. ಮೂಲೆಯಲ್ಲಿ ನಿನ್ನದೇ ಒಲೆಕಟ್ಟೆ, ಸಿಂಕು. ನಲ್ಲಿಯೂ ಬೇರೆ. ನಿನ್ನ ಕಡೆಯವರು ಯಾರು ಬಂದರೂ ನನ್ನ ಹೊಸಿಲು ತುಳಿಯದೆ ನಿನ್ನ ಹತ್ತಿರ ಬಂದು ಹೋಗಬಹುದು. ಹಿದಾಯತ್ ತಲೆ ಕೆರಕೊಂಡ. "ಕ್ಯಾ ಆಪಾ, ಬಾಡಿಗೆದಾರರಿಗೂ ಇಷ್ಟು ಬ್ಯಾರೆ ಮಾಡಲ್ಲ" ಅಂದ. ನೀನು ಸುಮ್ಮನೆ ಇಟ್ಟಿಗೆ ಇಡು ಅಂದೆ.

ಇನ್ನೊಂದು. ಹಿಂದಿನ ಬೀದಿ ಸರೋಜಮ್ಮ ನಿಮ್ಮವರೇ, ಲಿಂಗಾಯಿತರು. ಅವರನ್ನು ಕೇಳಿ ಪೂಜೆಗೆ ಅಂತ ಗೋಡೆಯಲ್ಲಿ ಒಂದು ಗೂಡು ಬಿಡಿಸಿದ್ದೀನಿ. ನಮ್ಮ ಜಾತಿಯ ಹೆಂಗಸು ಲಿಂಗಪೂಜೆಗೆ ಗೂಡು ಬಿಡಿಸಿದ್ದು ಸಿರಾದಲ್ಲಿ ಇದೇ ಮೊದಲಿರಬೇಕು, ಕೊಡು ನನಗೊಂದು ಪ್ರಶಸ್ತಿ.

ನಿನ್ನ
ಮಹಜಬೀನ್


ನಿಡುಗಲ್
2 ಸೆಪ್ಟೆಂಬರ್ 2024

ಪ್ರೀತಿಯ ಜಬೀನ್‌ಗೆ,

ಗೂಡಿನ ವಿಷಯ ಓದಿ ನಕ್ಕೆ. ಹನ್ನೊಂದು ವರ್ಷ ನೋಡಿದ್ದೀಯ, ನಮ್ಮದು ಕೊರಳಲ್ಲೇ ತೂಗುವ ದೇವರು. ಎಲ್ಲಿ ಕೂತರೆ ಅಲ್ಲೇ ಪೂಜೆ. ಗೂಡಿನಲ್ಲಿ ನಿನ್ನ ಕನ್ನಡಕ ಇಟ್ಟುಕೋ, ದಿನಾ ಹುಡುಕುವುದು ತಪ್ಪುತ್ತದೆ.

ಇಲ್ಲಿ ತಮ್ಮನ ಮಗನಿಗೆ ಹೆಣ್ಣು ಗೊತ್ತಾಯಿತು. ಕಾರ್ತೀಕದಲ್ಲಿ ಮದುವೆ. ನಡುಮನೆಗೆ ಬಣ್ಣ ಹೊಡೆಯಬೇಕು ಅಂತ ನನ್ನ ಮಂಚ ಜಗಲಿಗೆ ಬಂದಿದೆ, ರಾಗಿ ಚೀಲಗಳ ಪಕ್ಕಕ್ಕೆ. ಗಾಳಿ ಚೆನ್ನಾಗಿದೆ. ಬೆಟ್ಟ ಕಾಣುತ್ತದೆ.

ನಿನ್ನ ಅಡುಗೆಮನೆಯಿಂದ ರೂಮಿಗೆ ಬರುವ ಹಿಂಬಾಗಿಲು ಏನಾಯಿತು? ಅದನ್ನು ನೀನು ಬರೆಯಲಿಲ್ಲ.

ಇಂತಿ
ಶಿವರುದ್ರಮ್ಮ


ಸಿರಾ
30 ಸೆಪ್ಟೆಂಬರ್ 2024

ರುದ್ರಕ್ಕಾ,

ಆ ಬಾಗಿಲ ಚಿಂತೆ ಬಿಡು. ಮುಚ್ಚಿಸಿಬಿಟ್ಟೆ. ಚೌಕಟ್ಟು ಕಿತ್ತು, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಕಟ್ಟಿಸಿ, ಎರಡೂ ಕಡೆ ಗಿಲಾವು ಮಾಡಿಸಿದೆ. ಅಲ್ಲಿ ಬಾಗಿಲಿತ್ತು ಅಂತ ಯಾರೂ ಹೇಳಲಾರರು. ನನ್ನ ಒಲೆಯ ಹೊಗೆ ನಿನ್ನ ಕಡೆ ಬರಲ್ಲ, ವಾಸನೆಯೂ ಬರಲ್ಲ. ಹಬ್ಬಕ್ಕೆ ಯಾರಾದರೂ ಮಾಂಸ ಕಳಿಸಿದರೂ ನಿನ್ನ ಕಣ್ಣಿಗೆ ಬೀಳಲ್ಲ. ಕೆಲಸದವರಿಗೂ ಹೇಳಿದ್ದೀನಿ, ಬುತ್ತಿ ಬಿಚ್ಚೋದು ಏನಿದ್ದರೂ ಬೀದಿಯ ಬೇವಿನ ಮರದ ಕೆಳಗೆ, ಆ ರೂಮಿನ ಒಳಗೆ ಮೊಟ್ಟೆ ಸಿಪ್ಪೆ ಕೂಡ ಬೀಳಬಾರದು ಅಂತ. ಬೈಕೊಂಡು ಹೋಗಿ ಉಣ್ತಾರೆ.

ನಿನ್ನ ತಮ್ಮನಿಗೆ ಈ ಕಾಗದ ಓದಿ ಹೇಳು. ಇನ್ನು ಅವನು ಯಾವ ಮಾತೂ ಆಡುವ ಹಾಗಿಲ್ಲ.

ನೆಲಕ್ಕೆ ರೆಡ್ ಆಕ್ಸೈಡಾ, ಟೈಲ್ಸಾ? ಬೇಗ ತಿಳಿಸು.

ನಿನ್ನ
ಮಹಜಬೀನ್


ನಿಡುಗಲ್
20 ಅಕ್ಟೋಬರ್ 2024

ಜಬೀನ್,

ಕಾಗದ ತಲುಪಿತು. ತಮ್ಮನಿಗೆ ತೋರಿಸಿದೆ, ಒಳ್ಳೆಯದಾಯಿತು ಅಂದ. ನೆಲ ಯಾವುದಾದರೂ ಆದೀತು. ಮದುವೆ ಓಡಾಟ.

ಶಿವರುದ್ರಮ್ಮ


ಸಿರಾ
11 ಡಿಸೆಂಬರ್ 2024

ಶಿವರುದ್ರಮ್ಮನವರಿಗೆ,

ಕಾರ್ಡಿನಲ್ಲಿ ಎರಡೂವರೆ ಸಾಲು ಬರೆದು ಕೈ ತೊಳೆದುಕೊಂಡವರಿಗೆ ಹೀಗೇ ಬರೆಯಬೇಕು. ನಾನು ಆಮೇಲೆ ಎರಡು ಕಾಗದ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ಮದುವೆ ಮುಗಿದು ತಿಂಗಳಾಗುತ್ತಾ ಬಂತು.

ರೂಮು ಮುಗಿದು ಮೂರು ವಾರವಾಯಿತು. ಸುಣ್ಣವೂ ಒಣಗಿದೆ. ನೋಡಿದವರೆಲ್ಲ ಬಾಡಿಗೆಗೆ ಕೇಳ್ತಾರೆ. ಬ್ಯಾಂಕಿನ ಒಬ್ಬಳು ಎರಡು ಸಲ ಬಂದು ಹೋದಳು. ಇಲ್ಲಮ್ಮ, ಬರೋರು ಇದ್ದಾರೆ ಅಂತೀನಿ. ನೆನ್ನೆ ಹಿದಾಯತ್ ಕೇಳಿದ, "ಬರ್ತಾರಾ ಆಪಾ ನಿಮ್ಮ ಸಿಸ್ಟರು?" ಅವನ ಎದುರಿಗೇ ಕಣ್ಣಲ್ಲಿ ನೀರು ಬಂದು ಮರ್ಯಾದೆ ಹೋಯಿತು.

ನೀನು ಕೇಳಿದ ಹಾಗೇ ಎಲ್ಲ ಮಾಡಿದೆ. ಬೇರೆ ಬಾಗಿಲು ಅಂದಿರಿ, ಕೊಟ್ಟೆ. ಬೇರೆ ಒಲೆ ಅಂದಿರಿ, ಕೊಟ್ಟೆ. ಇನ್ನೇನು ಬೇಕು ನಿಮಗೆ? ಊರಾಚೆ ಹೋಗಿ ಕಟ್ಟಲೇ? ಬರಲ್ಲ ಅನ್ನೋದಾದರೆ ಬರಲ್ಲ ಅಂತ ಬರೆ. ಬ್ಯಾಂಕಿನ ಹುಡುಗಿಗೆ ಬೀಗದ ಕೈ ಕೊಟ್ಟು, ನಾನೂ ನನ್ನ ಪಾಡಿಗೆ ಇದ್ದುಬಿಡ್ತೀನಿ.

ಮಹಜಬೀನ್


ನಿಡುಗಲ್
29 ಡಿಸೆಂಬರ್ 2024

ಜಬೀನ್,

ಬೈದು ಬರೆದೆಯಲ್ಲ, ಒಳ್ಳೆಯದು ಮಾಡಿದೆ. ಕಿವಿ ಹೋದ ಮೇಲೆ ನನ್ನನ್ನು ಯಾರೂ ಬೈದಿಲ್ಲ. ಕಿವುಡಿಯನ್ನು ಬೈಯುವುದು ದಂಡ ಅಂತ ಬಿಟ್ಟಿದ್ದಾರೆ.

ಬೇರೆ ಒಲೆ, ಬೇರೆ ಬಾಗಿಲು ಕೇಳಿದ್ದು ತಮ್ಮ. ನಾನಲ್ಲ. ನಾನು ಅವನ ಮಾತನ್ನು ಬರೆದೆ ಅಷ್ಟೇ. ನೀನು ಅದನ್ನು ಓದಿ, "ಅವನಿಗೇನು ಗೊತ್ತು, ನೀನು ನನ್ನ ಜೊತೆ ಉಣ್ಣು ಬಾ" ಅಂತ ಬರೆಯುತ್ತೀಯ ಅಂತ ಕಾದಿದ್ದೆ. ನೀನು ಬಾಗಿಲು ಬೇರೆ ಮಾಡಿದೆ. ಆಮೇಲೆ ನಲ್ಲಿ ಬೇರೆ. ಹಿಂಬಾಗಿಲು ಏನಾಯಿತು ಅಂತ ಕೇಳಿದೆ. ಮುಚ್ಚಿಸಿದೆ, ಚಿಂತೆ ಬಿಡು ಅಂತ ನೀನು ಬರೆದೆ. ಮುಚ್ಚದಿರಲಿ ಅಂತ ನಾನು ಕೇಳಿದ್ದು ನಿನಗೆ ತಿಳಿಯಲಿಲ್ಲ. ನಾನು ಬಿಡಿಸಿ ಬರೆಯಲಿಲ್ಲ, ಅದು ನನ್ನ ತಪ್ಪು. ಅಷ್ಟು ಮುತುವರ್ಜಿಯಿಂದ ಕಟ್ಟಿಸುತ್ತಿರುವವಳಿಗೆ ನನಗೆ ಈ ಗೋಡೆ ಬೇಡ ಅಂತ ಹೇಗೆ ಹೇಳಲಿ?

ನಿನಗೆ ಒಂದು ವಿಷಯ ಗೊತ್ತಿಲ್ಲ. ಕಿವಿ ಕೇಳುವವರಿಗೆ ಗೋಡೆಯಾಚೆಯೂ ಮನೆ ಇರುತ್ತದೆ. ಪಾತ್ರೆ ಸದ್ದು, ಕೆಮ್ಮು, ಬೈಗುಳ. ನನಗೆ ಕಣ್ಣಿಗೆ ಕಂಡರೆ ಮಾತ್ರ ಮನುಷ್ಯರು ಇದ್ದಾರೆ. ಆ ಒಂಬತ್ತು ಇಂಚಿನ ಆಚೆ ನೀನು ಜಾರಿ ಬಿದ್ದರೂ ನನಗೆ ತಿಳಿಯುವುದಿಲ್ಲ. ನೀನು ಸಿರಾದಲ್ಲಿದ್ದು ನಾನು ನಿಡುಗಲ್ಲಿನಲ್ಲಿ ಇರುವುದಕ್ಕೂ ಅದಕ್ಕೂ ಏನು ವ್ಯತ್ಯಾಸ? ಬೇರೆ ತಟ್ಟೆ, ಬೇರೆ ಮೂಲೆ ನನಗೆ ಇಲ್ಲೇ ಇದೆ. ಅದಕ್ಕಾಗಿ ಎರಡು ಬಸ್ಸು ಬದಲಾಯಿಸಿ ಬರಬೇಕಾಗಿಲ್ಲ.

ನನಗೆ ಬೇಕಾಗಿದ್ದದ್ದು ಏನು ಗೊತ್ತಾ? ಬೆಳಿಗ್ಗೆ ನೀನು ಒಲೆ ಮುಂದೆ ನಿಂತು ಏನೋ ಗೊಣಗುತ್ತಿರಬೇಕು. ನಾನು ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ನಿನ್ನ ತುಟಿ ನೋಡುತ್ತಿರಬೇಕು. ಹನ್ನೊಂದು ವರ್ಷ ಎದುರಿಗೆ ಕಂಡ ನಿನ್ನ ಬಾಯಿ ನನಗೆ ಓದಲು ಬರುತ್ತದೆ. ಲೋಕದಲ್ಲೆಲ್ಲ ಅದೊಂದೇ ಬಾಯಿ ನನಗೆ ಪೂರ್ತಿ ತಿಳಿಯುವುದು.

ನನಗೆ ಇಲ್ಲಿ ತುಂಬ ಒಂಟಿ ಅನ್ನಿಸುತ್ತದೆ ಜಬೀನ್. ಬರೆಯಬಾರದು ಅಂತ ಆರು ತಿಂಗಳಿಂದ ಇದ್ದೆ.

ರೂಮು ಬ್ಯಾಂಕಿನ ಹುಡುಗಿಗೆ ಕೊಡು. ಹೆಣ್ಣು ಮಗಳು, ಅನುಕೂಲವಾಗುತ್ತದೆ.

ಇಂತಿ
ರುದ್ರಮ್ಮ


ಸಿರಾ
12 ಜನವರಿ 2025

ರುದ್ರಕ್ಕಾ,

ನಿನ್ನ ಕಾಗದ ಓದಿ ತುಂಬ ಅತ್ತೆ, ಆಮೇಲೆ ಹಿದಾಯತುಲ್ಲಾನ ಮನೆಗೆ ಹೋದೆ. ಸುತ್ತಿಗೆ ತಗೊಂಡು ಬಾ, ಆ ಗೋಡೆ ಒಡಿ ಅಂದೆ. "ತಲೆ ಸರಿ ಇದೆಯಾ ಆಪಾ? ನೀವೇ ಕಟ್ಟು ಅಂದಿರಿ, ನೀವೇ ಒಡಿ ಅಂತೀರ. ಅಲ್ಲಿ ನಿಮ್ಮ ಸಿಸ್ಟರ ಸಿಂಕು ಇದೆ, ಪೈಪು ಇದೆ" ಅಂದ. ಅವನು ಬರೋದು ತಡ ಮಾಡಿದ. ಮೊದಲ ಎರಡು ಇಟ್ಟಿಗೆ ನಾನೇ ಕಿತ್ತೆ. ಮೂರನೆಯದಕ್ಕೆ ಕೈ ಬೊಬ್ಬೆ ಎದ್ದು ನಿಲ್ಲಿಸಿದೆ.

ಪೈಪು ಬಿಟ್ಟು ಒಡೆದದ್ದರಿಂದ ಬಾಗಿಲು ಎರಡೂಕಾಲು ಅಡಿಯೇ ಆಯಿತು. ಒಣಕಲು ಕಡ್ಡಿ, ನಿನಗೆ ಧಾರಾಳ ಸಾಕು. ನಾನು ಅಡ್ಡ ತಿರುಗಿ ಬರಬೇಕು. ಚೌಕಟ್ಟು ಇಡಿಸಿದ್ದೀನಿ, ಕದ ಇಡಿಸಿಲ್ಲ. ಅನ್ನದ ಮೇಲೆಲ್ಲ ಧೂಳು. ಮೂರು ದಿನ ಇಟ್ಟಿಗೆ ಪುಡಿ ತಿಂದಿದ್ದೀನಿ.

ಈಗ ನನ್ನದೊಂದು ಸತ್ಯ. ಆ ಗೋಡೆ ನಿನ್ನ ತಮ್ಮನಿಗಾಗಿ ಕಟ್ಟಿದ್ದಲ್ಲ. ನೀನು ರಿಟೈರಾಗಿ ಕೊಳಾಲ ಬಿಟ್ಟ ದಿನ ನೆನಪಿದೆಯಾ? ನಿನ್ನ ತಮ್ಮ ಟೆಂಪೋ ತಂದಿದ್ದ. ಮಂಚ, ಟ್ರಂಕು, ಹೊಲಿಗೆ ಮಿಷನ್ನು ಎಲ್ಲ ಏರಿಸಿದ. ಅಡುಗೆಮನೆಯಲ್ಲಿದ್ದ ನಿನ್ನ ಪಾತ್ರೆ ಒಂದನ್ನೂ ಮುಟ್ಟಲಿಲ್ಲ. ನೀನು ಜೀವದ ಹಾಗೆ ನೋಡಿಕೊಳ್ತಿದ್ದ ಹಿತ್ತಾಳೆ ಕೊಳಗ ಸಹ. ನಾನು ಬಾಗಿಲಲ್ಲೇ ನಿಂತಿದ್ದೆ. ನೀನು ಏನೂ ಅನ್ನದೆ ಮುಂದೆ ಹೋಗಿ ಕೂತೆ. ಆವತ್ತಿಂದ ನನಗೆ ಒಂದೇ ಯೋಚನೆ. ಹನ್ನೊಂದು ವರ್ಷ ನನ್ನ ಜೊತೆ ಉಂಡದ್ದು ಇವಳಿಗೆ ಅಸಹ್ಯವಿತ್ತೇನೋ, ಬಾಯಿ ಬಿಟ್ಟು ಹೇಳಲಿಲ್ಲವೇನೋ. ನಿನ್ನ ತಮ್ಮನ ಮಾತು ಓದಿದಾಗ, ಓಹೋ, ಇವಳ ಮನಸ್ಸಲ್ಲೂ ಇದೇ ಇದೆ ಅಂದುಕೊಂಡೆ. ನೀನು ಕೇಳುವ ಮೊದಲೇ ನಾನೇ ಕಟ್ಟಿಬಿಟ್ಟರೆ ಅವಮಾನ ಕಡಿಮೆ ಅನ್ನಿಸಿತು. ಅದಕ್ಕೇ ಒಂದೊಂದು ಕಾಗದಕ್ಕೂ ಗೋಡೆ ಗಟ್ಟಿಯಾಯಿತು.

ಅಸಹ್ಯ ಇತ್ತಾ ರುದ್ರಕ್ಕ? ಇದ್ದರೂ ಬರೆ. ಇಲ್ಲದಿದ್ದರೆ ಬಾ. ಬ್ಯಾಂಕಿನ ಹುಡುಗಿಗೆ ಬೇರೆ ಮನೆ ನೋಡಿಕೋ ಅಂತ ಹೇಳಿದ್ದೀನಿ.

ನಿನ್ನ
ಜಬೀನ್


ನಿಡುಗಲ್
6 ಫೆಬ್ರವರಿ 2025

ಜಬೀನ್,

ಮೊದಲು ಪಾತ್ರೆಯ ವಿಷಯ. ಕೊಳಗ ತರಲು ನಾನು ಒಳಗೆ ಹೊರಟಾಗ ತಮ್ಮ ಅಂದ, "ಅವು ಬ್ಯಾಡ ಬುಡಕ್ಕ, ಅಲ್ಲೇ ಇರ್ಲಿ." ಯಾಕೆ ಅಂದ ಅಂತ ನನಗೆ ಗೊತ್ತಿತ್ತು. ನಿನಗೂ ಗೊತ್ತಾಯಿತು ಅಂತ ನಿನ್ನ ಮುಖ ನೋಡಿದಾಗ ತಿಳಿಯಿತು. ನನಗೆ ಅಸಹ್ಯ ಒಂದು ದಿನವೂ ಇರಲಿಲ್ಲ. ಇದ್ದದ್ದು ಹೆದರಿಕೆ. ಇನ್ನು ಇವನ ಮನೆಯಲ್ಲಿ ಬಾಳಬೇಕಲ್ಲ ಅಂತ. ಆವತ್ತು ನನಗೆ ಕಿವಿ ಕೇಳುತ್ತಿತ್ತು. ಬಾಯಿಯೂ ಇತ್ತು. ಆದರೂ ಸುಮ್ಮನಿದ್ದೆ. ಅದನ್ನು ಹೊಟ್ಟೆಗೆ ಹಾಕಿಕೋ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ.

ಹೋದ ತಿಂಗಳ ಕೊನೆಯ ಭಾನುವಾರ ಎಲ್ಲರೂ ಉಂಡು ಟಿವಿ ಮುಂದೆ ಕೂತಿದ್ದರು. ನಾನು ಹೋಗಿ ಟಿವಿಗೆ ಅಡ್ಡ ನಿಂತೆ. "ನಾನು ಜಬೀನ್ ಮನೆಗೆ ಹೋಗಿ ಇರ್ತೀನಿ. ಬ್ಯಾರೆ ಒಲೆ ಇಲ್ಲ. ಅವ್ಳ ಒಲೆ ಮ್ಯಾಲೆ ಬೇಯ್ಸಿ, ಅವ್ಳ ಜತೇಲೇ ಉಣ್ತೀನಿ" ಅಂದೆ. ನನ್ನ ದನಿ ಎಷ್ಟು ಜೋರಿತ್ತೋ ನನಗೆ ತಿಳಿಯಲಿಲ್ಲ. ಹೊಸ ಸೊಸೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

ತಮ್ಮ ಒಂದೇ ಮಾತು ಹೇಳಿದ. "ಹೋಗಂಗಿದ್ರೆ ಹೋಗು. ಸತ್ಮ್ಯಾಲೆ ಅವ್ವನ ಮಗ್ಗುಲಾಗೆ ಮಣ್ಣು ಸಿಗಾಕಿಲ್ಲ." ಸರಿಯಾಗಿ ಓದಿದೆನೋ ಇಲ್ಲವೋ ಅಂತ, ಇನ್ನೊಂದು ಸಲ ಹೇಳು ಅಂದೆ. ಎರಡನೇ ಸಲ ಹೇಳಲು ಅವನಿಂದ ಆಗಲಿಲ್ಲ. ಎದ್ದು ಹೊರಗೆ ಹೋದ. ಮಾರನೆಯ ದಿನ ಅಟ್ಟದಿಂದ ನನ್ನ ಟ್ರಂಕು ಇಳಿಸಿ, ಧೂಳು ಒರೆಸಿ, ಜಗಲಿಯ ಮೇಲೆ ಇಟ್ಟ. ನನ್ನ ಮುಖ ನೋಡಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ.

ಹತ್ತು ದಿನ ಯೋಚನೆ ಮಾಡಿದೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ನಿನಗೆ ಗೊತ್ತು. ಹೊಲದಲ್ಲಿ ಅವ್ವನ ಪಕ್ಕ ಒಂದು ಜಾಗವಿದೆ. ಅಲ್ಲಿ ಕೂರಬೇಕು ಅಂತ ಆಸೆಯಿತ್ತು. ಈಗಲೂ ಇದೆ, ಸುಳ್ಳು ಹೇಳುವುದಿಲ್ಲ. ನೆನ್ನೆ ಹೋಗಿ ಅವ್ವನ ಕಲ್ಲಿನ ಹತ್ತಿರ ಬಿಸಿಲಲ್ಲಿ ಸ್ವಲ್ಪ ಹೊತ್ತು ಕೂತು ಬಂದೆ. ಆದರೆ ಜಬೀನ್, ಸತ್ತ ಮೇಲೆ ನನ್ನನ್ನು ಎಲ್ಲಿ ಕೂರಿಸಿದರೂ ನನಗೆ ಒಂಟಿ ಅನ್ನಿಸುವುದಿಲ್ಲ. ಅನ್ನಿಸುವುದು ಈಗ.

ಸಿರಾದಲ್ಲಿ ನಮ್ಮವರ ಮಣ್ಣಿನ ಜಾಗ ಎಲ್ಲಿದೆ, ಹೊರಗಿನಿಂದ ಬಂದವರಿಗೂ ಕೊಡುತ್ತಾರಾ ಅಂತ ಸರೋಜಮ್ಮನವರನ್ನು ಕೇಳಿಟ್ಟಿರು. ಅವಸರವೇನಿಲ್ಲ.

ಹದಿನೇಳನೇ ತಾರೀಕು ಸೋಮವಾರ ಪಾವಗಡಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿಯುತ್ತೇನೆ. ಉಣ್ಣುವ ಹೊತ್ತಿಗೆ ಸಿರಾದಲ್ಲಿರುತ್ತೇನೆ. ಅಡುಗೆಗೆ ನಾನು ಬರುವವರೆಗೆ ಕಾಯಬೇಡ, ರಾಗಿ ಹಿಟ್ಟು ಇಬ್ಬರಿಗಾಗುವಷ್ಟು ತಿರುವಿಟ್ಟಿರು.

ಇಂತಿ
ನಿನ್ನ ರುದ್ರಕ್ಕ